ಲಿಲ್ಲಿಬಾಯಿಯ ಶಿಲುಬೆ, ನನ್ನ ಚೀಟಿ

ಗೆಳೆಯರೇ, ಇವತ್ತು ನಾನೇ ಮಾಡಿದ ನಿಯಮ ನನ್ನ ಕುತ್ತಿಗೆಗೇ ಬಂತು.

ಬೈಕುಲ್ಲಾದ ನಮ್ಮ ಚೀಲ ಹೊಲಿಯುವ ಕಾರ್ಖಾನೆಗೆ ನಾನು ಸೂಪರ್‌ವೈಸರ್. ಮಶೀನಿನ ಮುಂದೆ ಯಾರ ಕೊರಳಲ್ಲೂ ಏನೂ ನೇತಾಡಬಾರದೆಂದು ಗೋಡೆಗೆ ಚೀಟಿ ಅಂಟಿಸಿದ್ದೆ. ಬೆಳಿಗ್ಗೆ ಮಂಗಳೂರು ಕಡೆಯ ಲಿಲ್ಲಿಬಾಯಿಯನ್ನು ಗದರಿದೆ.

"ಆ ಶಿಲುಬಿ ತಗದಿಡ್ರಿ. ಬೆಲ್ಟಿಗೆ ಸಿಕ್ಕರ ಏನ್ ಮಾಡ್ತೀರಿ?"

"ತೆಗೀಲಿಕ್ಕೆ ಆಗುದಿಲ್ಲ ಸರ್. ಅಲ್ಲ, ನಿಮ್ಮ ಕೊರಳಲ್ಲಿ ನೇತಾಡುದು ಎಂತ?"

ಬಗ್ಗಿದಾಗ ನನ್ನ ಇಷ್ಟಲಿಂಗವಿಟ್ಟ ಪುಟ್ಟ ಡಬ್ಬಿ, ಕರಡಿಗೆ, ಅಂಗಿಯಿಂದ ಹೊರಬಂದಿತ್ತು. "ಇದು ಲಿಂಗರೀ, ಮೈಮ್ಯಾಲಿಂದ ತಗಿಯಾಂಗಿಲ್ಲ!" ಎಂದೆ.

"ಇದು ಸಹ ಹಾಗೇ ಸರ್."

ನಾನು ಕರಡಿಗೆಯನ್ನು ಅಂಗಿಯೊಳಗೆ ತೂರಿಸಿಕೊಂಡೆ. ಊಟದ ಹೊತ್ತಿಗೆ ಆಕೆ ನಮ್ಮಿಬ್ಬರ ಏಪ್ರನ್ನಿಗೂ ಎದೆಯ ಹತ್ತಿರ ಒಳಜೇಬು ಹೊಲಿದಿದ್ದರು, ಗುಂಡಿ ಸಮೇತ. ಶಿಲುಬೆಯೂ ಲಿಂಗವೂ ಕೊರಳಲ್ಲಿದ್ದಂತೆಯೇ ತಮ್ಮ ತಮ್ಮ ಜೇಬು ಸೇರಿದವು.

ಚೀಟಿ ಗೋಡೆಯ ಮೇಲೆ ಹಾಗೇ ಇದೆ. ದೇವರಿಬ್ಬರೂ ಈಗ ನಿಯಮ ಪಾಲಿಸುತ್ತಿದ್ದಾರೆ.