ಹಮಾಲನ ತಲೆ ತೊಳೆದ ದಾನವ್ವ ಕಾಕು

ತಲೆಗೆ ವೈರು ಅಂಟಿಸಿ ಮೆದುಳಿನ ಅಲೆಗಳನ್ನು ಅಳೆಯುವ ಯಂತ್ರವೊಂದಿದೆಯಲ್ಲ, ಅದು ಟಿವಿ ಇದ್ದ ಹಾಗೆ ಎಂದು ನಾನು ಇಪ್ಪತ್ತಾರನೆಯ ವಯಸ್ಸಿನವರೆಗೂ ನಂಬಿದ್ದೆ. ಮನಸ್ಸಿನಲ್ಲಿ ಇದ್ದದ್ದೆಲ್ಲ ಪರದೆಯ ಮೇಲೆ ಬಣ್ಣಬಣ್ಣವಾಗಿ ಓಡುತ್ತದೆ ಅಂತ. ಪದವೀಧರ ಬೇರೆ.

ನಮ್ಮ ಕುರ್ಲಾದ ಚಾಳಿನಲ್ಲಿ ಎರಡು ಮನೆ ಆಚೆಗಿರುವ, ಎಲ್ಲರಿಗೂ ಚಿಕ್ಕಮ್ಮನಂತಿರುವ ದಾನವ್ವ ಕಾಕು ಸಾಂತಾಕ್ರೂಜ್ ಕಡೆಯ ಒಂದು ಅಪರಾಧ ತನಿಖೆಯ ಲ್ಯಾಬಿನಲ್ಲಿ ಈ ಯಂತ್ರದ ಟೆಕ್ನಿಷಿಯನ್. ಹೊಸದಾಗಿ ಸೇರಿದವರಿಗೆ ಕಲಿಸಲು ಒಂದು ತಲೆ ಬೇಕಾಗಿದೆ, ಶನಿವಾರ ಬಾ ಎಂದು ಒಮ್ಮೆ ನನ್ನನ್ನು ಕರೆದರು. ನನ್ನ ತಲೆಗೆ ಅಂಥ ಬೇಡಿಕೆ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಬಸ್ಸಿನುದ್ದಕ್ಕೂ ಹದಿನೇಳರ ಮಗ್ಗಿ ಹೇಳಿಕೊಂಡು ಹೋದೆ. ನಮ್ಮ ಟ್ರಾವೆಲ್ ಆಫೀಸಿನ ಮಾಧುರಿ ಅಪ್ಪಿತಪ್ಪಿ ಪರದೆಯ ಮೇಲೆ ಬಂದುಬಿಟ್ಟರೆ ಎಂಬ ಭಯ. ಸಾಲದ್ದಕ್ಕೆ, ಮೆದುಳು ತಣ್ಣಗಿರಲಿ ಎಂದು ಅವ್ವ ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಸುರಿದು ಕಳಿಸಿದ್ದಳು.

ಕಾಕು ನನ್ನ ತಲೆ ನೋಡಿದರು. "ಇದರಾಗ ಮಿರ್ಚಿ ಕರೀಬಹುದಲ್ಲೋ ನವ್ಯಾ" ಎಂದರು. ಎಣ್ಣೆ ಇದ್ದರೆ ವೈರು ಕೂರುವುದಿಲ್ಲವಂತೆ. ಪರ್ಸಿನಿಂದ ಶಾಂಪೂ ಪಾಕೀಟು ತೆಗೆದು, ಸಿಂಕಿನ ಮೇಲೆ ಬಗ್ಗಿಸಿ, ಸಣ್ಣ ಹುಡುಗನಿಗೆ ಎರೆದ ಹಾಗೆ ತಿಕ್ಕಿದರು. ನಾನು ನೊರೆಯೊಳಗಿಂದಲೇ, ಸ್ಕ್ರೀನಿನ ಮೇಲೆ ಹೆಸರುಗಳೂ ಬರುತ್ತವೆಯೇ ಎಂದು ಕೇಳಿದೆ. ಯಾರ ಹೆಸರು ಎಂದರು. ಹೇಳಿಬಿಟ್ಟೆ. ಕೊನೆಗೆ ಪರದೆಯ ಮೇಲೆ ಬಂದದ್ದು ಸೊಟ್ಟಪಟ್ಟ ಗೆರೆಗಳು ಮಾತ್ರ. ಅದರಲ್ಲಿ ಎದ್ದು ಕಾಣುತ್ತಿದ್ದುದು ನಾನು ಕಣ್ಣು ಪಿಳುಕಿಸಿದ್ದು. ಮಾಧುರಿಯ ವಿಷಯ ಕಾಕು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಈಗ ನಾನೇ ಬರೆದು ಊರಿಗೆಲ್ಲ ತಿಳಿಸುತ್ತಿದ್ದೇನೆ.

ಕಾಕು ವಿಜಯಪುರದ ಕಡೆಯವರು. ಮದುವೆಯಾಗಿ ಮುಂಬಯಿಗೆ ಬಂದು, ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯೊಂದರಲ್ಲಿ ಮೂರ್ಛೆರೋಗದ ಮಕ್ಕಳ ತಲೆಗೆ ವೈರು ಅಂಟಿಸುವುದನ್ನು ಕಲಿತರು. ಹದಿನಾರು ವರ್ಷ ಅದನ್ನು ಮಾಡಿ ಲ್ಯಾಬಿಗೆ ಬಂದರು, ಅದೂ ಕಾಂಟ್ರಾಕ್ಟಿನ ಮೇಲೆ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಟೇಪು ಹಿಡಿದು ಅಳೆದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಒಂದೊಂದು ವೈರನ್ನೂ ಬೆರಳಿನಿಂದ ಒತ್ತಿ ಕೂರಿಸುತ್ತಾರೆ. ಅವಸರ ಮಾಡಿದವರಿಗೆ ಉತ್ತರ ಕೊಡುವುದಿಲ್ಲ.

ಅಲ್ಲಿನ ಪರೀಕ್ಷೆಯ ರೀತಿ ಇಷ್ಟು. ಆರೋಪಿ ಒಪ್ಪಿದರೆ ಮಾತ್ರ ಮಾಡುತ್ತಾರೆ. ಅವನು ಕಣ್ಣು ಮುಚ್ಚಿ ಕೂರುತ್ತಾನೆ, ಬಾಯಿ ಬಿಡಬೇಕಾಗಿಲ್ಲ. 'ನಾನು ಹೀಗೆ ಮಾಡಿದೆ, ನಾನು ಅಲ್ಲಿಗೆ ಹೋದೆ' ಎಂಬಂಥ ವಾಕ್ಯಗಳನ್ನು ಅವನ ಭಾಷೆಯಲ್ಲಿ ಕೇಳಿಸುತ್ತಾರೆ. ತಾನೇ ಮಾಡಿದ ಕೆಲಸದ ಮಾತು ಬಂದಾಗ ಮೆದುಳು ಬೇರೆ ಥರ ಅಲೆ ಎಬ್ಬಿಸುತ್ತದೆ ಎಂಬುದು ಲೆಕ್ಕ. ಅದೊಂದರಿಂದಲೇ ಯಾರಿಗೂ ಶಿಕ್ಷೆಯಾಗುವುದಿಲ್ಲ. ಆದರೆ 'ಇವನಿಗೆ ಗೊತ್ತಿದೆ' ಎಂದು ವರದಿ ಬಂತೆಂದರೆ ಪೊಲೀಸರು ಬೇರೆ ಕಡೆ ಹುಡುಕುವುದು ನಿಲ್ಲುತ್ತದೆ.

ಎರಡು ವರ್ಷದ ಹಿಂದೆ ಬೈಕುಲ್ಲಾದ ಈರುಳ್ಳಿ ಗೋಡೌನೊಂದರಲ್ಲಿ ವಾಚ್‌ಮನ್ನನ್ನು ಯಾರೋ ಕಬ್ಬಿಣದ ಕೊಕ್ಕೆಯಿಂದ ಹೊಡೆದು ಕೊಂದಿದ್ದರು. ಅದಕ್ಕೆ ವಾರದ ಮೊದಲು ಅವನ ಜೊತೆ ಜಗಳವಾಡಿದ್ದ ಅಲ್ಲಿನ ಹಮಾಲ ಸಾಯಬಣ್ಣನನ್ನು ಪೊಲೀಸರು ಹಿಡಿದರು. ಇಂಡಿ ತಾಲೂಕಿನವನು. ತಲೆ ಬೇಕಾದರೆ ತೆಗೆದು ನೋಡಲಿ ಎಂದು ಅವನು ಪರೀಕ್ಷೆಗೆ ತಾನೇ ಒಪ್ಪಿದ. ವಾಕ್ಯಗಳನ್ನು ತನಿಖೆಯವರು ಬರೆದು ಕಳಿಸಿದರು. ಲ್ಯಾಬಿನಲ್ಲಿ ವಿಜಯಪುರದ ಕನ್ನಡ ಇನ್ಯಾರಿಗೂ ಬಾರದ್ದರಿಂದ ಅವನ್ನು ಧ್ವನಿಮುದ್ರಿಸಿದ್ದು ದಾನವ್ವ ಕಾಕುವೇ. 'ನಾನು ಹಿಂಬಾಗಿಲದಿಂದ ಒಳಗ ಹೋದೆ. ನನ್ನ ಕೈಯಾಗ ಕೊಕ್ಕಿ ಇತ್ತು.' ಹೀಗೆ.

ಪರೀಕ್ಷೆಯ ದಿನ ಅವನ ತಲೆ ತೊಳೆಯುವಾಗ ನಡುನೆತ್ತಿಯಲ್ಲಿ ಚರ್ಮ ಚಪ್ಪಲಿಯಷ್ಟು ದಪ್ಪಗಿರುವುದು ಕಾಕುವಿನ ಕೈಗೆ ಹತ್ತಿತು. ಅಲ್ಲಿ ವೈರು ಕೂರಿಸುವುದು ಕಷ್ಟವಿತ್ತು. ಇದೇನು ಎಂದು ಕೇಳಿದರು. ಇಪ್ಪತ್ತೆಂಟು ವರ್ಷದ ಚೀಲದ ಭಾರ ಎಂದ. ದಿನಾ ನಲವತ್ತು ಖೇಪು, ಮುಂದೆ ಟ್ರಾಫಿಕ್ಕು, ಅದಕ್ಕೆ ಲಾರಿ ಹಿಂದೆಯೇ ನಿಲ್ಲುವುದು, ಹಮಾಲರೆಲ್ಲ ಹಿಂಬಾಗಿಲಿನಿಂದಲೇ. ಕೊಕ್ಕೆ ಇಲ್ಲದೆ ಚೀಲ ಎಳೆಯುವುದು ಹೇಗೆ? ಅಂಗೈಯಲ್ಲಿ ಅದರ ಗಾಯದ ಗುರುತೂ ಇತ್ತು.

ಕಾಕುವಿನ ಕೈ ನೊರೆಯಲ್ಲೇ ನಿಂತಿತು.

ಈ ವಾಕ್ಯಗಳನ್ನು ಮಾರ್ಕೆಟ್ಟಿನ ಯಾವ ಹಮಾಲನಿಗೆ ಕೇಳಿಸಿದರೂ ಮೆದುಳು ಹೌದು ಎನ್ನುತ್ತದೆ. ಅವನಿಗೆ ಹಾಗೆಂದು ಹೇಳುವಂತಿಲ್ಲ. ತಲೆಗೆ ಟವೆಲು ಸುತ್ತಿ ಕೂರಿಸಿ, ಒದ್ದೆ ಕೈಯಲ್ಲೇ ಸಾಹೇಬರ ಕೋಣೆಗೆ ಹೋಗಿ ವಾಕ್ಯಗಳು ಸರಿಯಿಲ್ಲ ಎಂದರು. ಸಾಹೇಬರೆಂದರೆ ಕೇಶವಮೂರ್ತಿ, ಮೈಸೂರು ಕಡೆಯವರು, ಕೆಟ್ಟವರೇನಲ್ಲ. ಆದರೆ ಹೊರಗೆ ಪೊಲೀಸರು ಗಡಿಯಾರ ನೋಡುತ್ತಿದ್ದರು, ಮರುದಿನ ಆರೋಪಿಯನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಕಾಕುವಿನ ಕಾಂಟ್ರಾಕ್ಟು ನವೀಕರಣಕ್ಕೆ ಬಂದಿದ್ದೂ ಅದೇ ತಿಂಗಳು, ಸಹಿ ಹಾಕಬೇಕಾದವರೂ ಅವರೇ.

"ದಾನವ್ವ, ನಿಮ್ಮ ಕೆಲಸ ವೈರು ಅಂಟಿಸೋದು. ವಾಕ್ಯ ನೋಡೋದು ನನ್ನ ಕೆಲಸ" ಎಂದರಂತೆ.

"ಹಂಗಾರ ನೋಡ್ರಿ ಸರ್" ಎಂದರಂತೆ ಕಾಕು. "ನೋಡೂತನಾ ನಾ ಒಂದ್ ವೈರೂ ಅಂಟ್ಸಂಗಿಲ್ಲ."

ನಾನಾಗಿದ್ದರೆ ಸಾರಿ ಸರ್ ಎಂದು ವೈರುಗಳನ್ನೆಲ್ಲ ಅಂಟಿಸಿ, ಸಂಜೆ ಬಸ್ಸಿನಲ್ಲಿ ವ್ಯವಸ್ಥೆಯನ್ನು ಬೈಯುತ್ತಿದ್ದೆ. ನಮ್ಮ ಮ್ಯಾನೇಜರು ಟಿಕೆಟ್ಟಿನ ತಾರೀಖು ತಪ್ಪು ಬರೆದದ್ದನ್ನು ನೋಡಿಯೂ ಹಾಗೇ ಪ್ರಿಂಟು ತೆಗೆದುಕೊಟ್ಟವನು ನಾನು. ಪಾಪ, ಒಂದು ಕುಟುಂಬ ವಿಮಾನ ಹೋದ ಮರುದಿನ ಏರ್‌ಪೋರ್ಟಿಗೆ ಹೋಗಿ ನಿಂತಿತ್ತು.

ಕಾಕು ಬಾಗಿಲಲ್ಲೇ ನಿಂತಿದ್ದರು. ಸಾಹೇಬರು ಸಿಟ್ಟಿನಿಂದಲೇ ವಾಕ್ಯಗಳ ಪಟ್ಟಿ ಎಳೆದುಕೊಂಡು ಓದಿದರು. ಎರಡನೆಯ ಸಲ ಓದುವಾಗ ಕನ್ನಡಕ ತೆಗೆದರು. ಆಮೇಲೆ ಹೊರಗೆ ಹೋಗಿ, ಇವತ್ತು ಪರೀಕ್ಷೆ ಆಗುವುದಿಲ್ಲ ಎಂದು ಪೊಲೀಸರಿಗೆ ಅವರೇ ಹೇಳಿದರು. ಮುಂದಿನ ವಾರ ಇಬ್ಬರೂ ಮಾರ್ಕೆಟ್ಟಿಗೆ ಹೋಗಿ ಹಮಾಲರ ಕೆಲಸವನ್ನು ಒಂದು ಬೆಳಗು ನಿಂತು ನೋಡಿದರು. ಕೊಂದವನು ಮಾತ್ರ ಮಾಡಿರಬಹುದಾದ, ಉಳಿದ ಹಮಾಲರು ಮಾಡದ ಸಂಗತಿಗಳನ್ನು ಆರಿಸಿ ಹೊಸ ವಾಕ್ಯ ಬರೆದರು. ಅವನ್ನು ಕೇಳಿದಾಗ ಸಾಯಬಣ್ಣನ ಗೆರೆಗಳು ಏನೂ ಹೇಳಲಿಲ್ಲ. ಪೊಲೀಸರು ಮತ್ತೆ ಬೇರೆ ಕಡೆ ಹುಡುಕತೊಡಗಿದರು. ಆರು ತಿಂಗಳ ಮೇಲೆ ಕೇಸಿನಿಂದ ಇವನ ಹೆಸರನ್ನು ಕೈಬಿಟ್ಟರು. ಕಾಕುವಿನ ಕಾಂಟ್ರಾಕ್ಟಿಗೂ ಸಹಿ ಬಿತ್ತು.

ಇದನ್ನೆಲ್ಲ ಕಾಕು ತಾವಾಗಿ ಹೇಳಿದವರಲ್ಲ. ಹೋದ ಭಾನುವಾರ ಸಾಯಬಣ್ಣ ಹೇಗೋ ವಿಳಾಸ ಹುಡುಕಿಕೊಂಡು, ತಲೆಯ ಮೇಲೆ ಈರುಳ್ಳಿ ಚೀಲ ಹೊತ್ತು ನಮ್ಮ ಚಾಳಿನ ಮೂರು ಮಹಡಿ ಹತ್ತಿ ಬಂದ. ಕಾಕು ಬಾಗಿಲಿಗೆ ಅಡ್ಡ ನಿಂತರು. ಲ್ಯಾಬಿನವರು ಯಾರಿಂದಲೂ ಏನೂ ತೆಗೆದುಕೊಳ್ಳುವಂತಿಲ್ಲ, ಚಹಾ ಬೇಕಾದರೆ ಕುಡಿದು ಹೋಗು ಎಂದರು. ಚಹಾ ಕುಡಿಯುತ್ತ ಅವನು ವರಾಂಡದಲ್ಲಿ ನೆರೆದವರಿಗೆಲ್ಲ ತನ್ನ ಕಥೆ ಹೇಳಿ, ಚೀಲ ಮತ್ತೆ ತಲೆಗೇರಿಸಿಕೊಂಡು ಇಳಿದುಹೋದ. ಉಳಿದದ್ದನ್ನು ನಾನು ಆ ಸಂಜೆ ಕಾಡಿಬೇಡಿ ಕಾಕುವಿನಿಂದ ಹೊರಗೆಳೆದೆ.

ಎಲ್ಲ ಕೇಳಿದ ಮೇಲೂ ನನಗೆ ಒಂದು ಚುಚ್ಚುತ್ತಿತ್ತು. ವಾಚ್‌ಮನ್ನನ್ನು ಕೊಂದವನು ಇನ್ನೂ ಸಿಕ್ಕಿಲ್ಲ. ಗೆರೆ ಸುಮ್ಮನಿತ್ತು ಎಂದ ಮಾತ್ರಕ್ಕೆ ಮನುಷ್ಯ ನಿರಪರಾಧಿ ಎಂದಲ್ಲ, ಇದನ್ನು ನನಗೆ ಹೇಳಿಕೊಟ್ಟವರೂ ಕಾಕುವೇ. ಕೇಳಬಾರದಿತ್ತು, ಕೇಳಿದೆ: "ಕಾಕು, ಅಂವಾ ಹೊಡದಿಲ್ಲ ಅಂತ ನಿಮಗ ಅವತ್ತ ಗೊತ್ತಿತ್ತೇನು?"

ಕಾಕು ಸಾಯಬಣ್ಣ ಕುಡಿದಿಟ್ಟ ಲೋಟ ತೊಳೆಯುತ್ತಿದ್ದರು. ತಿರುಗಲಿಲ್ಲ.

"ಹೊಡದಾನೋ ಬಿಟ್ಟಾನೋ ನನಗೇನ ಗೊತ್ತು? ಆ ಪಟ್ಟಿ ತಪ್ಪಿತ್ತು, ಅಷ್ಟ ಗೊತ್ತಿತ್ತು."