ಪಾಕೀಟು ಬಿಚ್ಚಿದ ಕೈ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ ನಾನು ನ್ಯೂ ಜೆರ್ಸಿಯ ಸಮರ್‌ಸೆಟ್‌ನಲ್ಲಿ ಒಂದು ಸಣ್ಣ ಸಂಶೋಧನಾ ಕಂಪನಿಯಲ್ಲಿ ಸೀನಿಯರ್ ರಿಸರ್ಚರ್ ಆಗಿದ್ದೆ. ಔಷಧದ ಬಾಟಲಿ, ಇಲಿ ಪಾಷಾಣದ ಡಬ್ಬ, ಮಕ್ಕಳ ಸಿರಪ್ಪು, ಇಂಥವುಗಳ ಮೇಲೆ ಅಚ್ಚಾಗಿರುವ ಎಚ್ಚರಿಕೆಯನ್ನು ಜನ ಓದುತ್ತಾರೋ ಇಲ್ಲವೋ, ಓದಿದರೆ ಏನೆಂದು ತಿಳಿಯುತ್ತಾರೆ ಎಂದು ಪರೀಕ್ಷಿಸುವುದು ನಮ್ಮ ಕೆಲಸ. ‘ಲೇಬಲ್ ಓದ್ಲಿಕ್ಕೂ ಸಂಬಳ ಕೊಡ್ತಾರೇನು?’ ಎಂದು ನಮ್ಮ ಮನೆಯವರೇ ನಗುತ್ತಿದ್ದರು. ಕೊಡುತ್ತಿದ್ದರು, ಏನು ಮಾಡಲಿ. ಮೂವತ್ತು ವರ್ಷ ಅದೇ ಅನ್ನ ತಿಂದವಳು ನಾನು.

ಆ ವರ್ಷ ಹೊರದೇಶವೊಂದರ ಆರೋಗ್ಯ ಇಲಾಖೆಯಿಂದ ನಮಗೆ ಒಂದು ಕೆಲಸ ಬಂತು. ವಿಷಯ ಪ್ಲೇನ್ ಪ್ಯಾಕೇಜಿಂಗ್. ಹಾಗೆಂದರೆ ತಂಬಾಕಿನ ಪಾಕೀಟಿನ ಮೇಲಿನ ಶೃಂಗಾರವನ್ನೆಲ್ಲ ತೆಗೆದುಹಾಕುವುದು. ಕಂಪನಿಯ ಬಣ್ಣ ಇಲ್ಲ, ಲೋಗೋ ಇಲ್ಲ, ಹೊಳೆಯುವ ಅಂಚು ಇಲ್ಲ. ಎಲ್ಲ ಬ್ರ್ಯಾಂಡಿಗೂ ಒಂದೇ ಕೊಳಕು ಕಂದು ಬಣ್ಣ, ಹೆಸರು ಒಂದೇ ಬಗೆಯ ಸಣ್ಣ ಅಕ್ಷರದಲ್ಲಿ, ಉಳಿದ ಜಾಗದ ತುಂಬ ರೋಗದ ಚಿತ್ರ. ಸಿಗರೇಟಿಗೆ ಇದನ್ನು ಮೊದಲು ಮಾಡಿದ್ದು ಆಸ್ಟ್ರೇಲಿಯಾ. ಆಮೇಲೆ ಇನ್ನೂ ಕೆಲವು ದೇಶಗಳು ಮಾಡಿದವು. ನಮ್ಮ ಅಮೆರಿಕದಲ್ಲಿ ಸಿಗರೇಟಿನ ಮೇಲೆ ಒಂದು ಚಿತ್ರ ಹಾಕಿಸುವ ನಿಯಮವೇ ಕೋರ್ಟು ಕಚೇರಿ ಸುತ್ತುತ್ತಿದೆ, ಅದು ಬೇರೆ ಮಾತು. ಆ ಇಲಾಖೆಗೆ ಬೇಕಿದ್ದದ್ದು ಇಷ್ಟು: ಅಗಿಯುವ ತಂಬಾಕಿಗೂ ಈ ನಿಯಮ ತಂದರೆ ಭಾರತದ ಕಡೆಯ ಜನರ ಮೇಲೆ ಅದು ಕೆಲಸ ಮಾಡುತ್ತದೆಯೇ? ನಮ್ಮ ಜನಕ್ಕೆ ಈ ಸೀಮೆಯಲ್ಲಿ ಬರವೇ?

ಪರೀಕ್ಷೆಯ ಕ್ರಮ ಸರಳವಾಗಿತ್ತು. ಒಪ್ಪಿದವರ ಮನೆಗೆ ಖಾಲಿ ಪ್ಲೇನ್ ಪಾಕೀಟುಗಳನ್ನು ಪಾರ್ಸೆಲ್ ಮಾಡುವುದು. ಅವರು ತಮ್ಮದೇ ತಂಬಾಕನ್ನು ಅದರಲ್ಲಿ ತುಂಬಿಸಿಕೊಂಡು ಕೆಲವು ವಾರ ಬಳಸಬೇಕು. ನಾವು ವಾರಕ್ಕೊಮ್ಮೆ ಫೋನ್ ಮಾಡಿ ಕೇಳಬೇಕು, ಕೊನೆಗೊಮ್ಮೆ ಮನೆಗೆ ಹೋಗಬೇಕು. ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಚಿತ್ರವನ್ನು ನಾವು ಮೊದಲೇ ತೋರಿಸಬಾರದು, ಅದರ ಸುದ್ದಿ ಎತ್ತಬಾರದು. ನಾವೇ ತೋರಿಸಿದರೆ ಹೆದರಿಸಿದ್ದು ಪಾಕೀಟೋ ನಾವೋ ಗೊತ್ತಾಗುವುದಿಲ್ಲ.

ಕನ್ನಡದವರನ್ನು ಹುಡುಕುವ ಹೊಣೆ ನನ್ನ ತಲೆಗೆ ಬಂತು. ನಮ್ಮವರಲ್ಲಿ ಹೊಗೆಸೊಪ್ಪು ಹಾಕುವವರು ಒಬ್ಬರೂ ಇಲ್ಲ ನೋಡಿ, ಕೇಳಿದರೆ! ‘ಅಯ್ಯೋ, ಬರೀ ಎಲೆ ಅಡಿಕೆ ಅಷ್ಟೇ ಆಂಟಿ’ ಎನ್ನುವವರೇ ಎಲ್ಲ. ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡವರು ಶ್ರೀಕಂಠಯ್ಯ. ಮೈಸೂರಿನವರು, ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರು, ಓಲ್ಡ್ ಬ್ರಿಡ್ಜ್‌ನಲ್ಲಿ ಹೆಂಡತಿ ಲಲಿತಮ್ಮನ ಜೊತೆ ಮಗಳ ಮನೆಯಲ್ಲಿದ್ದರು. ಎಪ್ಪತ್ತು ದಾಟಿದ್ದರೂ ಯಾವ ಮದುವೆ, ಯಾವ ಗೃಹಪ್ರವೇಶಕ್ಕೆ ಹೋದರೂ ಮಾತಿನಲ್ಲಿ ಅವರನ್ನು ಹಿಡಿಯುವವರಿರಲಿಲ್ಲ. ಎರಡು ಮಾತಾಡಿ ಎಂದು ಮೈಕ್ ಕೊಟ್ಟರೆ ಇಪ್ಪತ್ತು ಮಾತಾಡಿ, ಕೂತವರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿ ಇಳಿಯುತ್ತಿದ್ದರು.

‘ನನ್ನ ಹೆಸರು ಬರ್ಕೊಳಮ್ಮ. ಊಟ ಆದ್ಮೇಲೆ ಒಂದು ಚಿಟಿಕೆ ಬಾಯಿಗೆ ಬೀಳದೆ ಇದ್ರೆ ಊಟ ಮಾಡಿದ ಹಾಗೇ ಆಗಲ್ಲ’ ಎಂದರು. ಆಮೇಲೆ, ‘ನಿಮ್ಮ ಧಾರವಾಡದಲ್ಲಿ ಇದಕ್ಕೇನಂತಾರೆ, ಅದನ್ನೂ ಬರ್ಕೊಳಿ, ಗೌರ್ಮೆಂಟಿಗೆ ತಿಳೀಲಿ’ ಎಂದು ನನ್ನನ್ನೇ ಕಾಡಿಸಿದರು.

ನವೆಂಬರಿನಲ್ಲಿ ಮೊದಲ ಸಂದರ್ಶನಕ್ಕೆ ಆಫೀಸಿಗೆ ಬಂದಾಗ ಕಾಫಿ ಕೊಟ್ಟೆ. ಅದನ್ನು ಮುಟ್ಟದೆ ಆರಲು ಬಿಟ್ಟರು. ಯಾಕೆಂದು ಕೇಳಿದರೆ, ‘ಬಾಯಿ ಸುಟ್ಟಿದೆ, ಸುಣ್ಣ ಜಾಸ್ತಿ ಆಗೋಯ್ತು’ ಎಂದು ಕೆನ್ನೆಯನ್ನು ಬೆರಳಲ್ಲಿ ಎಳೆದು ತೋರಿಸಿದರು. ಒಳಗೆ ನಾಲಿಗೆಯ ಅಂಚಿನಲ್ಲಿ ಬಿಳಿ ತೇಪೆ. ಎಲೆ ಅಡಿಕೆ ಹಾಕುವವರಿಗೆ ಸುಣ್ಣ ಬಾಯಿ ಸುಡುವುದು ಹೊಸದಲ್ಲ. ಎರಡು ದಿನ ತುಪ್ಪ ಸವರಿಕೊಂಡರೆ ಹೋಗುತ್ತದೆ. ಇದು ಎಷ್ಟು ದಿನದಿಂದ ಇದೆ ಎಂದರೆ ‘ಇದೆ, ಬೇಸಿಗೆಯಿಂದ’ ಎಂದುಬಿಟ್ಟರು. ನಮ್ಮ ಪಾಕೀಟಿನ ಮೇಲಿನ ಚಿತ್ರ ಇಂಥದ್ದೇ ಒಂದು ಬಿಳಿ ತೇಪೆಯದು. ಬಾಯಿ ಕ್ಯಾನ್ಸರಿನ ಮೊದಲ ಗುರುತು ಹೀಗಿರಬಹುದು ಎಂದು ಅದರ ಕೆಳಗೆ ಬರೆದಿತ್ತು. ನಾನು ಡಾಕ್ಟರಲ್ಲ, ಚಿತ್ರದ ಸುದ್ದಿ ಎತ್ತುವ ಹಾಗೂ ಇಲ್ಲ. ಆದರೂ, ‘ರೀ, ಇದನ್ನ ಡೆಂಟಿಸ್ಟಿಗೆ ತೋರಿಸ್ರಿ, ತಡ ಮಾಡಬ್ಯಾಡ್ರಿ’ ಎಂದು ಎರಡೆರಡು ಸಲ ಹೇಳಿದೆ. ‘ತೋರಿಸೋಣ ಬಿಡಿ’ ಎಂದರು. ಆ ವಾರವೇ ಪಾರ್ಸೆಲ್ ಹೋಗುತ್ತದೆ, ದಿನಕ್ಕೆ ಮೂರು ಸಲ ಆ ಚಿತ್ರ ಕಣ್ಣಿಗೆ ಬೀಳುತ್ತದೆ, ತಾವಾಗಿಯೇ ಓಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ನನ್ನ ವೃತ್ತಿಯ ಮೇಲೆ ನನಗೆ ಅಷ್ಟು ನಂಬಿಕೆ.

ಮೊದಲ ವಾರ ಫೋನ್ ಮಾಡಿದೆ. ಪಾಕೀಟು ನೋಡಿ ಏನನ್ನಿಸಿತು ಎಂಬುದು ನಮ್ಮ ಪ್ರಶ್ನೆ.

‘ಏನನ್ನಿಸ್ಬೇಕು? ಏನೂ ಅನ್ನಿಸಲಿಲ್ಲ.’

ಎರಡನೆಯ ವಾರವೂ ಅದೇ. ಮೂರನೆಯ ವಾರ, ‘ಪಾಕೀಟಿನಲ್ಲಿ ಅನ್ನಿಸೋದೇನಿದೆಯಮ್ಮ, ಒಳಗಿರೋದು ಅದೇ ತಾನೆ’ ಎಂದು ನಕ್ಕರು. ನನಗೆ ಸಿಟ್ಟು ಬಂತು. ತನ್ನ ಬಾಯೊಳಗಿರುವುದನ್ನೇ ಕಣ್ಣೆದುರು ಅಚ್ಚು ಹಾಕಿಸಿ ಕಳಿಸಿದರೂ ಈ ಮನುಷ್ಯನಿಗೆ ಏನೂ ಅನ್ನಿಸುವುದಿಲ್ಲವೆಂದರೆ ಎಂಥ ಕಲ್ಲು ಗುಂಡಿಗೆ ಇದು! ಬೇರೆ ಮನೆಗಳಿಂದಲೂ ಇಂಥವೇ ಉತ್ತರಗಳು ಬರುತ್ತಿದ್ದವು. ಭಾರತೀಯರ ಮೇಲೆ ಪ್ಲೇನ್ ಪ್ಯಾಕೇಜಿಂಗ್‌ನ ಪರಿಣಾಮ ಕಾಣುತ್ತಿಲ್ಲ ಎಂದು ನನ್ನ ಬಾಸ್ ಕರಡು ವರದಿ ಶುರುಮಾಡಿಯೇಬಿಟ್ಟ.

ಜನವರಿಯಲ್ಲಿ ಓಲ್ಡ್ ಬ್ರಿಡ್ಜ್‌ನ ಮನೆಗೆ ಹೋದೆ. ರಸ್ತೆ ಬದಿಯಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಲಲಿತಮ್ಮ ಊಟ ಮಾಡಿಸದೆ ಬಿಡಲಿಲ್ಲ. ಅವರ ಅಡುಗೆಮನೆಯಲ್ಲಿ ಅಂಗಡಿಯ ಪಾಕೀಟು ಎಂಬುದೇ ಕಾಣುತ್ತಿರಲಿಲ್ಲ. ಬೇಳೆ, ರವೆ, ಸಾಸಿವೆ, ಕೊನೆಗೆ ಮೊಮ್ಮಗಳ ಸೀರಿಯಲ್ಲು ಕೂಡ ಸ್ಟೀಲ್ ಡಬ್ಬಗಳಿಗೆ ಹೋಗಿ ಸಾಲಾಗಿ ಕೂತಿತ್ತು. ನಮ್ಮ ಮನೆಯಲ್ಲೂ ಹಾಗೇ, ನಿಮ್ಮ ಮನೆಯಲ್ಲೂ ಹಾಗೇ ಇರಬೇಕು. ಊಟ ಮುಗಿಯಿತು. ಲಲಿತಮ್ಮ ಎಲೆ ಅಡಿಕೆ ತಟ್ಟೆ ತಂದಿಟ್ಟರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅದರ ಪಕ್ಕ ಬಳ್ಳಿ ಕೆತ್ತಿದ ಒಂದು ಪುಟ್ಟ ಬೆಳ್ಳಿ ಡಬ್ಬಿ. ಶ್ರೀಕಂಠಯ್ಯನವರು ಅದರ ಮುಚ್ಚಳ ತೆಗೆದು ಚಿಟಿಕೆ ಹೊಗೆಸೊಪ್ಪು ತೆಗೆದುಕೊಂಡರು.

‘ಲಲಿತಕ್ಕ, ನಮ್ಮ ಪಾಕೀಟು ಎಲ್ಲಿ?’ ಎಂದೆ.

‘ಜೋಪಾನವಾಗಿ ಇಟ್ಟಿದೀನಿ ಸುಮಂಗಲಾ, ಹಾಳು ಮಾಡಿಲ್ಲ.’ ಮೇಲಿನ ಕ್ಯಾಬಿನೆಟ್ಟಿನಿಂದ ತೆಗೆದರು. ಚಿತ್ರ ಒಳಗಾಗುವಂತೆ ಮಡಿಸಿ ರಬ್ಬರ್ ಬ್ಯಾಂಡ್ ಹಾಕಿತ್ತು. ‘ನೀವು ಹೇಳಿದ್ರಲ್ಲ ಅಂತ ಮೊದಲು ಇದಕ್ಕೇ ತುಂಬ್ತೀನಿ. ಆಮೇಲೆ ಇದರಿಂದ ದಿನಕ್ಕೆ ಬೇಕಾದಷ್ಟು ಡಬ್ಬಿಗೆ ಹಾಕ್ತೀನಿ. ಆ ದರಿದ್ರ ಚಿತ್ರ ಊಟದ ಟೇಬಲ್ ಮೇಲೆ ಇಡೋಕಾಗುತ್ತಾ? ಮಗು ಒಂದು ಸಲ ನೋಡಿ "ಇಟ್ಸ್ ಸೋ ಗ್ರಾಸ್, ಅಜ್ಜಿ" ಅಂತ ಊಟ ಬಿಟ್ಟೆದ್ದಿತು. ಊರಿಂದ ತರೋ ಪಾಕೀಟಿನ ಮೇಲೂ ಇಂಥದ್ದೇ ಇರುತ್ತೆ. ಎಷ್ಟೋ ವರ್ಷದಿಂದ ನಾನು ಮಾಡೋದು ಹೀಗೇನೆ.’

ಪಾರ್ಸೆಲ್ ಬಿಚ್ಚಿದವರೂ ಅವರೇ. ಶ್ರೀಕಂಠಯ್ಯನವರು ಆ ಪಾಕೀಟನ್ನು ಒಂದು ದಿನವೂ ನೋಡಿರಲಿಲ್ಲ. ನಮ್ಮ ಪರೀಕ್ಷೆ ಅಲ್ಲಿಗೆ ಮುಗಿದಿತ್ತು, ಇನ್ನು ತೋರಿಸುವುದಕ್ಕೆ ಅಡ್ಡಿಯಿರಲಿಲ್ಲ. ರಬ್ಬರ್ ಬ್ಯಾಂಡ್ ತೆಗೆದು ಅವರ ಮುಂದೆ ಹರವಿದೆ.

ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. ತಮಾಷೆ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ. ಎದ್ದು ಬಾತ್‌ರೂಮಿಗೆ ಹೋಗಿ ದೀಪ ಹಾಕಿದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಬಾಯಲ್ಲಿದ್ದದ್ದನ್ನು ಉಗಿದು ಬಂದಿದ್ದರು.

‘ಇದು ಸುಣ್ಣ ಅಲ್ಲ ಕಣೇ ಲಲಿತಾ’ ಎಂದರು.

ಹೊಗೆಸೊಪ್ಪನ್ನು ಅವರು ಆಮೇಲೆ ಮುಟ್ಟಲೇ ಇಲ್ಲ. ಪ್ಲೇನ್ ಪ್ಯಾಕೇಜಿಂಗ್ ಕೆಲಸ ಮಾಡುವುದಿಲ್ಲ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ನೋಡಿದ ಒಂದೇ ನಿಮಿಷದಲ್ಲಿ ಅದು ಕೆಲಸ ಮಾಡಿತು. ಆದರೆ ಡೆಂಟಿಸ್ಟ್ ವಿಷಯದಲ್ಲಿ ಮಾತ್ರ ಅವರು ಹಟ ಬಿಡಲಿಲ್ಲ. ಮಾರ್ಚ್ ಕೊನೆಗೆ ಊರಿಗೆ ಟಿಕೆಟ್ ಆಗಿತ್ತು. ‘ಮೈಸೂರಲ್ಲಿ ನಮ್ಮ ಡಾಕ್ಟ್ರಿದಾರೆ. ನನ್ನ ಬಾಯಿ ಅವರಿಗೆ ಗೊತ್ತು, ಅವರಿಗೇ ತೋರಿಸ್ತೀನಿ. ಇಲ್ಲಿಯವರು ಹಲ್ಲು ನೋಡೋಕೆ ಮುಂಚೆ ಇನ್ಶೂರೆನ್ಸ್ ಕಾರ್ಡ್ ನೋಡ್ತಾರೆ’ ಎಂದರು. ನಾನು ಜಗಳವಾಡಿದೆ. ಮಗಳು ಅಪಾಯಿಂಟ್‌ಮೆಂಟ್ ಮಾಡಿದರೆ ಅದನ್ನೂ ಕ್ಯಾನ್ಸಲ್ ಮಾಡಿಸಿದರು. ಹಲ್ಲು, ಕಣ್ಣು, ಮಂಡಿನೋವು ಎಲ್ಲವನ್ನೂ ಊರಿಗೆ ಹೋದಾಗ ತೋರಿಸೋಣ ಎಂದು ಕಟ್ಟಿಡುವುದು ನಮ್ಮ ಜನಕ್ಕೆ ಅಂಟಿದ ಚಾಳಿ. ಎರಡು ತಿಂಗಳಲ್ಲಿ ಏನಾಗಿಬಿಡುತ್ತದೆ ಎಂಬ ಧೈರ್ಯ.

ಮಾರ್ಚಿನಲ್ಲಿ ಕೋವಿಡ್ ಬಂತು, ವಿಮಾನಗಳು ನಿಂತವು. ಇಲ್ಲಿಯ ಡೆಂಟಿಸ್ಟುಗಳೂ ಬಾಗಿಲು ಹಾಕಿದರು. ಕೊನೆಗೆ ಒಬ್ಬ ಸರ್ಜನ್ ನೋಡುವ ಹೊತ್ತಿಗೆ ಅದು ದವಡೆಗೆ ಇಳಿದಿತ್ತು. ನಾಲಿಗೆಯ ದೊಡ್ಡ ಭಾಗವನ್ನು ತೆಗೆದರು. ಆಮೇಲೆ ಒಂದೇ ಸಲ ನಾನು ಅವರನ್ನು ವಿಡಿಯೋ ಕಾಲ್‌ನಲ್ಲಿ ನೋಡಿದ್ದು. ಏನೋ ಹೇಳಲು ಹೋದರು, ನನಗೆ ಅರ್ಥವಾಗಲಿಲ್ಲ, ಮತ್ತೆ ಹೇಳಿದರು, ಆಗಲೂ ಆಗಲಿಲ್ಲ. ಕೈ ಆಡಿಸಿ ಬಿಟ್ಟುಬಿಟ್ಟರು. ಅಷ್ಟು ಮಾತಾಡುತ್ತಿದ್ದ ಮನುಷ್ಯ. ಮರುವರ್ಷ ತೀರಿಕೊಂಡರು.

ವರದಿಯ ಗತಿಯನ್ನೂ ಹೇಳಿಬಿಡುತ್ತೇನೆ. ಬೇರೆ ಹಲವು ಮನೆಗಳಲ್ಲೂ ತಂಬಾಕು ಡಬ್ಬಿಗೇ ಹೋಗಿತ್ತು. ಮನೆಭೇಟಿಗಳಲ್ಲಿ ಕಂಡದ್ದನ್ನೆಲ್ಲ ಬರೆದು ಕೊಟ್ಟೆ. ಇವರು ಚಿತ್ರ ನೋಡಿ ಸುಮ್ಮನಿದ್ದವರಲ್ಲ, ನೋಡದೇ ಇದ್ದವರು, ಇದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ವಾದಿಸಿದೆ. ‘ನಮ್ಮನ್ನು ಕೇಳಿರುವುದು ಪಾಕೀಟಿನ ಬಗ್ಗೆ, ಅಡುಗೆಮನೆ ಬಗ್ಗೆ ಅಲ್ಲ’ ಎಂದ ನನ್ನ ಬಾಸ್. ನನ್ನ ಪುಟಗಳು ವರದಿಯ ಕೊನೆಯ ಅನುಬಂಧಕ್ಕೆ ಹೋದವು. ಆ ದೇಶ ಸಿಗರೇಟಿಗೆ ಮಾತ್ರ ನಿಯಮ ತಂದು ಅಗಿಯುವ ತಂಬಾಕನ್ನು ಕೈಬಿಟ್ಟಿತು. ಕಾರಣಗಳಲ್ಲಿ ನಮ್ಮ ವರದಿಯೂ ಒಂದು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಜನ ಮತ್ತೆ ಮನೆಯಿಂದ ಮನೆಗೆ ಹೋಗಿ ಬರುವ ಹಾಗಾದ ಮೇಲೆ ಲಲಿತಕ್ಕನನ್ನು ಮಾತಾಡಿಸಲು ಹೋದೆ. ಅವರು ನನ್ನನ್ನು ದೂರಲಿಲ್ಲ. ಎದುರಿಗೆ ಕೂತು ಹೇಳಿದರು.

‘ಆ ಚಿತ್ರ ದಿನಾ ನೋಡ್ತಿದ್ದೋಳು ನಾನು. ಕಣ್ಣು ಮುಚ್ಚಿದ್ರೂ ಕಾಣೋದು. ಅವರು ಒಂದು ದಿನ ನನಗೆ ಬಾಯಿ ತೆಗೆದು ತೋರಿಸಿದ್ರೆ ನನಗೆ ತಕ್ಷಣ ಗೊತ್ತಾಗಿಬಿಡೋದು ಸುಮಂಗಲಾ. ಎಲೆಗೆ ಸುಣ್ಣ ಜಾಸ್ತಿ ಹಚ್ಚಿಕೊಡ್ತೀಯ ಅಂತ ನನ್ನನ್ನೇ ರೇಗಿಸ್ತಿದ್ರು. ಅವರು ಬಾಯಿ ತೋರಿಸಲಿಲ್ಲ, ನಾನು ಚಿತ್ರ ತೋರಿಸಲಿಲ್ಲ.’

ನಾನು ಅವರ ಕೈ ಹಿಡಿದುಕೊಂಡು ಕೂತೆ. ತಪ್ಪು ನಿಮ್ಮದಲ್ಲ ಎಂದೆ.

ಮಾರನೆಯ ವರ್ಷ ನಿವೃತ್ತಳಾದೆ. ಎಚ್ಚರಿಕೆಯ ಅಕ್ಷರ ಎಷ್ಟು ದಪ್ಪ ಇರಬೇಕು, ಚಿತ್ರ ಎಷ್ಟು ದೊಡ್ಡದಿರಬೇಕು ಎಂದು ಒಂದು ಜೀವಮಾನವೆಲ್ಲ ಅಳೆದವಳಿಗೆ ವೃತ್ತಿ ಕೊನೆಗೆ ಕಲಿಸಿದ ಪಾಠ ಬೇರೆಯೇ. ತಿನ್ನುವವರನ್ನು ಕೇಳಿದರೆ ಸಾಲದು, ಪಾಕೀಟು ಬಿಚ್ಚುವವರು ಯಾರೆಂದು ಮೊದಲು ಕೇಳಬೇಕು. ಆ ಮನೆಯಲ್ಲಿ ನಮ್ಮ ಎಚ್ಚರಿಕೆಯನ್ನು ದಿನವೂ ಓದಿದವರು ಒಬ್ಬರಿದ್ದರು. ಅಷ್ಟು ವಾರ ಫೋನ್ ಮಾಡಿದೆವಲ್ಲ, ಒಂದು ಸಲವೂ ನಾವು ಫೋನನ್ನು ಅವರಿಗೆ ಕೊಡಿ ಎನ್ನಲಿಲ್ಲ.