ಅಕ್ವೇರಿಯಂಗೆ ಬಂದ ಮುಯ್ಯಾಳು

ಶಿಕಾರಿಪುರದಿಂದ ಬೈಕಿನಲ್ಲಿ ಹೋಗಿ ಮನೆಮನೆಯಲ್ಲಿ ಅಕ್ವೇರಿಯಂ ಕೂರಿಸುವುದು ನನ್ನ ಕೆಲಸ. ಕುಪ್ಪಗಡ್ಡೆಯ ಒಂದು ಮನೆಯಲ್ಲಿ ಕಾಡಿನ ಹಳ್ಳದಂತೆ ಕಾಣುವ ತೊಟ್ಟಿ ಮಾಡಿದ್ದೆ. ಮಂದ ಬೆಳಕಿಗೆ ಒಗ್ಗುವ ಗಿಡಗಳನ್ನು ಹಳೇ ಮರದ ಬೇರಿಗೆ ದಾರದಿಂದ ಕಟ್ಟಿ, ಅಲ್ಲಲ್ಲಿ ಪಾಚಿ ಅಂಟಿಸಿ, ಎಲ್ಲವೂ ತಾನಾಗಿ ಬೆಳೆದಂತೆ ಕಾಣಲೆಂದು ಇಡೀ ದಿನ ಒದ್ದಾಡಿದ್ದೆ.

ವಾರ ಬಿಟ್ಟು ನೋಡಲು ಹೋದರೆ ತೊಟ್ಟಿಯೊಳಗೆ ಗದ್ದೆ! ಪಾಚಿ ಮಾಯ. ಮರದ ಬೇರು ಹಿತ್ತಲಲ್ಲಿ ಬಿದ್ದಿತ್ತು. ಗಿಡಗಳೆಲ್ಲ ಹಗ್ಗ ಹಿಡಿದು ನೆಟ್ಟಂತೆ ಸಾಲಾಗಿ ನಿಂತಿದ್ದವು. ನಾಟಿ ನೋಡಲು ಬಂದ ಯಜಮಾನರ ಹಾಗೆ ಮೀನುಗಳು ಸಾಲುಗಳ ನಡುವೆ ಓಡಾಡುತ್ತಿದ್ದವು.

"ಯಾರ್ರೀ ಇದನ್ನ ಮಾಡಿದ್ದು?" ಎಂದು ಕೂಗಾಡಿದೆ.

ಮನೆಯ ಅಜ್ಜಿ ಗೌರಮ್ಮ ಸಂಭ್ರಮದಿಂದ ಬಂದರು. "ಬರೀ ಕಳೆ ತುಂಬಿತ್ತು ನೋಡ್ರೀ. ಅಕ್ಕಪಕ್ಕದ ಹೆಂಗಸ್ರನ್ನ ಕರ್ಕೊಂಡು ಕಿತ್ತು ಹಾಕಿ, ಸಸಿ ಬಿಡಿಸಿ ನೆಟ್ವಿ. ಕೂಲಿ ಬೇಡ, ಮುಯ್ಯಾಳು ಅಂತ ಬಂದಿದ್ದು. ನಿಮ್ಮ ಕೆಲಸಕ್ಕೆ ನಾವು ಬಂದ್ವಿ, ನಾಳೆ ನಮ್ಮ ನಾಟಿಗೆ ನೀವು ಬರ್ಬೇಕು."

"ತೊಟ್ಟಿ ನಿಮ್ದೇ ಅಲ್ವೇನ್ರೀ?"

"ತೊಟ್ಟಿ ನಮ್ದು. ಕೆಲಸ ನಿಮ್ದಲ್ವಾ?"

ಮುಯ್ಯಾಳು ತೀರಿಸದವನನ್ನು ಆ ಕಡೆ ಯಾರೂ ಹೊಸ್ತಿಲು ಹತ್ತಿಸುವುದಿಲ್ಲ. ಮರುದಿನ ಮೊಣಕಾಲುದ್ದದ ಕೆಸರಿಗೆ ಇಳಿದೆ. ನಾನು ನೆಟ್ಟ ಸಸಿಗಳು ಒಂದು ಆ ಕಡೆ, ಒಂದು ಈ ಕಡೆ ವಾಲಿದವು. ಅಜ್ಜಿ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು.

"ಇದೇನ್ರೀ, ತಾನಾಗೇ ಹುಟ್ಟಿದಂಗೆ ಕಾಣ್ತದೆ!"

ನನ್ನ ಕೈಕೆಲಸಕ್ಕೆ ಅಂಥ ಮಾತು ಇವತ್ತಿಗೂ ಯಾವ ಗಿರಾಕಿಯ ಬಾಯಿಂದಲೂ ಬಂದಿಲ್ಲ.